ಅಪ್‌ಡೇಟ್: ಮಗಳು ಮನೆಗೆ ಬಂದಳು, ಟಿಕೆಟ್-ವೀಸಾ ವಿಷಯ ಹೀಗೆ ಬಗೆಹರಿಯಿತು

ಎಲ್ಲರಿಗೂ ನಮಸ್ಕಾರ. ನಾವಿಬ್ಬರೂ ಅಮೆರಿಕದ ಪೌರರು, ಕರ್ನಾಟಕದಿಂದ ಮಗುವನ್ನು ದತ್ತು ತಗೊಳ್ತಿದ್ದೇವೆ, ವಾಪಸ್ ಟಿಕೆಟ್ ಯಾವಾಗ ಮಾಡಿಸಬೇಕು, ವೀಸಾ ಎಲ್ಲಿ ಅಂತ ಕೇಳಿದ್ದೆ. ಮಗಳು ಈಗ ನಮ್ಮ ಜೊತೆಗಿದ್ದಾಳೆ!

"ವೀಸಾ ಕೈಗೆ ಬರೋವರೆಗೂ ವಾಪಸ್ ಟಿಕೆಟ್ ಮುಟ್ಟಬೇಡಿ" ಅಂದವರ ಮಾತೇ ಕೆಲಸಕ್ಕೆ ಬಂತು. ಜಿಲ್ಲಾಧಿಕಾರಿಗಳ ದತ್ತು ಆದೇಶ ಆದಮೇಲೂ ನಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ಕಾರಾ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಕೊಡುವ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಅಂತ ಉದ್ದನೆಯ ಸಾಲೇ ಇದೆ. ಒಂದು ಕಾಗದ ತಡವಾದರೆ ಉಳಿದದ್ದೂ ಅಲ್ಲೇ ನಿಲ್ಲುತ್ತೆ.

"ಚೆನ್ನೈ ಹತ್ತಿರ, ಅಲ್ಲೇ ವೀಸಾ ಮಾಡಿಸಿ" ಅನ್ನೋ ಸಲಹೆ ಮಾತ್ರ ನಡೆಯಲಿಲ್ಲ. ದತ್ತು ಮಕ್ಕಳ ವೀಸಾ ದೆಹಲಿಯ ರಾಯಭಾರ ಕಚೇರಿಯಲ್ಲೇ ಆಗೋದು. ದೆಹಲಿಯ ರೂಮು ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

"ಮಗುವಿಗೆ ರೂಢಿಯಿರೋ ಊಟವನ್ನೇ ಕೊಡಿ" ಅಂದವರಿಗಂತೂ ದೊಡ್ಡ ನಮಸ್ಕಾರ. ನಾವು ಹೊತ್ತು ತಂದಿದ್ದ ಡಬ್ಬಿ ಆಹಾರವನ್ನು ಅವಳು ಉಗುಳಿಬಿಟ್ಟಳು. ಆಶ್ರಮದ ಆಯಾ ಒಬ್ಬರು ರಾಗಿ ಸರಿ ಪುಡಿ ಕಟ್ಟಿಕೊಟ್ಟು, ಎಷ್ಟು ತೆಳ್ಳಗಿರಬೇಕು ಅಂತ ಚಮಚದಲ್ಲಿ ಎತ್ತಿ ಸುರಿದು ತೋರಿಸಿದರು. ವಿಮಾನದಲ್ಲೂ ಬಿಸಿನೀರು ಕೇಳಿ ಅದನ್ನೇ ಕಲಸಿದೆವು.

ನನಗೆ ಗೊತ್ತೇ ಇರದ ವಿಷಯ ಒಂದಿತ್ತು. ಭಾರತದಲ್ಲೇ ದತ್ತು ಪೂರ್ತಿಯಾಗಿ ಐಎಚ್-3 ಅನ್ನೋ ದತ್ತು ಮಕ್ಕಳ ವೀಸಾದಲ್ಲಿ ಬಂದ ಮಗು, ನಮ್ಮ ಜೊತೆ ವಾಸಕ್ಕೆ ಅಮೆರಿಕಕ್ಕೆ ಕಾಲಿಟ್ಟ ಕೂಡಲೇ ಅಲ್ಲಿನ ಪೌರತ್ವ ಪಡೆಯುತ್ತೆ. ಪೌರತ್ವದ ಪತ್ರ ಅಂಚೆಯಲ್ಲಿ ತಾನಾಗೇ ಬರುತ್ತೆ, ಅದಕ್ಕೆ ಬೇರೆ ಅರ್ಜಿ ಬೇಡ. ಅಮೆರಿಕದ ಪಾಸ್‌ಪೋರ್ಟ್‌ಗೆ ಮಾತ್ರ ನಾವೇ ಹಾಕಬೇಕು.