ಸಹಾಯ ಬೇಕು: ಗೆರ್ನಿಕಾ ಚಿತ್ರದ ದೊಡ್ಡ ಪ್ರಿಂಟ್, ಒಬ್ಬ ವಕೀಲರು

ನಮಸ್ಕಾರ. ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ರನ್ನನ ಗದಾಯುದ್ಧ ಹೇಳುವಾಗ, ಭೀಮ ತೊಡೆಗೆ ಹೊಡೆದದ್ದು ತಪ್ಪಲ್ವಾ, ಈಗಿನ ಯುದ್ಧಕ್ಕೂ ನಿಯಮ ಇದೆಯಾ ಅಂತ ಒಬ್ಬ ಹುಡುಗಿ ಕೇಳಿದಳು. ಇದೆ, 1949ರ ಜಿನೀವಾ ಒಪ್ಪಂದಗಳು. ಆದರೆ ಅದನ್ನು ಸುಮ್ನೆ ಓದಿಸಿದರೆ ಮನಸ್ಸಿಗೆ ಇಳಿಯುವುದಿಲ್ಲ. ಮೊದಲು ಹಳೇಬೀಡಿಗೆ ಕರೆದುಕೊಂಡು ಹೋಗಿ, ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿರುವ ಚಕ್ರವ್ಯೂಹ ತೋರಿಸುತ್ತೇನೆ. ಆಮೇಲೆ ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾ. ವಿಮಾನಗಳು ಬಾಂಬ್ ಹಾಕಿದ ಊರಿನ ಚಿತ್ರ ಅದು, ಆದರೆ ಅದರಲ್ಲಿ ವಿಮಾನವೇ ಇಲ್ಲ. ಸತ್ತ ಮಗುವನ್ನು ಹಿಡಿದು ಕೂಗುವ ತಾಯಿ ಇದ್ದಾಳೆ. ಮಕ್ಕಳು ಆ ಮುಖ ನೋಡಲೇಬೇಕು.

ಮೊಬೈಲ್‌ನಲ್ಲಿ ತೋರಿಸಿದರೆ ಸಾಲದು. ದೊಡ್ಡ ಪ್ರಿಂಟ್ ಇದ್ದವರು ಒಂದು ವಾರಕ್ಕೆ ಕೊಡುತ್ತೀರಾ? ಯುದ್ಧದ ಕಾನೂನು ತಿಳಿದ ವಕೀಲರು ಒಂದು ಗಂಟೆ ಬಂದು ಮಾತಾಡಿದರೆ ದೊಡ್ಡ ಉಪಕಾರ. ಇಲ್ಲೇ ಕಾಮೆಂಟ್ ಮಾಡಿ, ದಯವಿಟ್ಟು.