ಸಮೀಕ್ಷಕರ ಕೈಪಿಡಿಗೆ ‘ಬಿಡಿಸುಪ್ರಶ್ನೆ’ ಆದೀತೆ?

ಬುಧವಾರ ಕೈಪಿಡಿ ಅಚ್ಚಿಗೆ ಹೋಗಬೇಕು, ಒಂದು ಪದಕ್ಕೆ ನಿಂತುಬಿಟ್ಟಿದೆ. ಪ್ರಶ್ನೆ ತಿಳಿಯದವರಿಗೆ ಉತ್ತರದ ಸುಳಿವು ಕೊಡದೆ ಮತ್ತೆ ಕೇಳುವುದಿದೆಯಲ್ಲ, ‘ಪ್ರೋಬ್’, ಅದಕ್ಕೆ ಕನ್ನಡ ಬೇಕು.

ಬಂದ ಸಲಹೆಗಳಲ್ಲಿ ‘ಶೋಧಕ ಪ್ರಶ್ನೆ’ ಬೇಡ, ತನಿಖೆಯ ವಾಸನೆ. ‘ಕೆದಕು’ ಅಚ್ಚಗನ್ನಡವೇ ಇರಬಹುದು. ಆದರೆ ಕೆದಕುವುದು ಗಾಯವನ್ನು, ಹಳೇ ಜಗಳವನ್ನು. ‘ಸೂಚಕ ಪ್ರಶ್ನೆ’ ಅಂದವರಂತೂ ತಲೆಕೆಳಗು ಮಾಡಿದ್ದಾರೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯಿದೆಯ 141ನೇ ಕಲಮು ಸೂಚಕ ಪ್ರಶ್ನೆ (‘ಲೀಡಿಂಗ್ ಕ್ವೆಶ್ಚನ್’) ಅಂದದ್ದು ಕೇಳುವವನು ಬಯಸಿದ ಉತ್ತರವನ್ನೇ ಸೂಚಿಸುವ ಪ್ರಶ್ನೆಯನ್ನು. ನಮಗೆ ಬೇಡವಾದದ್ದೇ ಅದು.

ಹೋದ ವಾರ ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ನಮ್ಮ ಸಮೀಕ್ಷಕ ಹುಡುಗ “ಕುಟುಂಬದಲ್ಲಿ ಎಷ್ಟು ಜನ?” ಅಂದ. ಅಜ್ಜಿ ಹೊಸಕೋಟೆಗೆ ಕೊಟ್ಟ ಮಗಳಿಂದ ಎಣಿಸತೊಡಗಿದರು. ಇವನು ಹೊಸ್ತಿಲಾಚೆ ಇಣುಕಿ, “ಒಟ್ಟು ಏಳು ಜನ ತಾನೆ?” “ಹ್ಞೂಂ, ಬರ್ಕೋಳಪ್ಪ.” ಉತ್ತರ ಆ ‘ತಾನೆ’ಯಲ್ಲೇ ಕೂತಿತ್ತು, ಅಜ್ಜಿ ಕೊಟ್ಟದ್ದಲ್ಲ. ನಾನು ಮತ್ತೆ ಕೇಳಿದೆ: “ಒಂದೇ ಒಲೆ ಮೇಲೆ ಬೆಂದಿದ್ದು ಉಣ್ಣೋರು ಎಷ್ಟು ಜನ?” ಬೆರಳು ಮಡಚಿ ಮೂವರು ಅಂದರು. “ದೊಡ್ಡೋನ್ದು ಬೇರೆ ಒಲೆ, ಒಳಗಡೆ ರೂಮಲ್ಲಿ.” ಜನಗಣತಿಯಲ್ಲೂ ಕುಟುಂಬದ ಅಳತೆ ಒಂದೇ ಅಡುಗೆಮನೆಯೇ. ನಾನು ಬಿಡಿಸಿದ್ದು ಪ್ರಶ್ನೆಯನ್ನು, ಉತ್ತರ ಅವರದೇ.

ಅದಕ್ಕೇ ‘ಬಿಡಿಸಿ ಕೇಳು’ ಅಂತ ಬರೆದಿದ್ದೇನೆ. ‘ಬಿಡಿಸಿ ಹೇಳಿ’ ಎಲ್ಲರ ಬಾಯಲ್ಲೂ ಇದೆ. ‘ಹೇಳಿಕೊಡು’ ಆಗದು, ಅದರಲ್ಲಿ ಉತ್ತರವೂ ಸೇರಿಬಿಡುತ್ತದೆ. ‘ಹೇಳಿಸು’ ಇನ್ನೂ ಕೆಟ್ಟದ್ದು.

ಕೋಷ್ಟಕದ ತಲೆಗೆ ನಾಮಪದ ಬೇಕು: ‘ಬಿಡಿಸುಪ್ರಶ್ನೆ’. ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಅಂತ ಮೂಗು ಮುರಿಯಬೇಡಿ. ಬಿಡಿಸುವ ಪ್ರಶ್ನೆ ಅಂತ ಬಿಡಿಸಿದರೆ ಪೂರ್ವಪದ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿದ ಪದ, ಹಾಗಾಗಿ ಗಮಕಸಮಾಸ. ಅಲ್ಲಿ ಆ ಬೆರಕೆ ದೋಷವಲ್ಲ.

ಇನ್ನು “ಇಂಗ್ಲಿಷೇ ಇರಲಿ, ಜನಕ್ಕೆ ತಿಳಿಯುತ್ತದೆ” ಎಂಬ ಮಾತು. ಕೋಲಾರದಲ್ಲಿ “ಸರ್ವೆಯವರು ಬಂದಿದ್ದೀವಿ” ಅಂದು ನೋಡಿ, ಪಹಣಿ ತಂದು ಮುಂದಿಡುತ್ತಾರೆ. ಇಲ್ಲಿ ಸರ್ವೆ ಅಂದರೆ ಜಮೀನು ಅಳೆಯುವುದು. ಹಾಗಂತ ‘ಕೊಳವೆಬಾವಿ’ಗೆ ಪಟ್ಟು ಹಿಡಿಯುವವರ ಜೊತೆಗೂ ನಾನಿಲ್ಲ, “ಬೋರಾ?” ಅಂತ ತಿರುಗಿ ಕೇಳುತ್ತಾರೆ. ಸಂಸ್ಕೃತವೋ ಇಂಗ್ಲಿಷೋ ಅನ್ನುವ ಜಗಳ ಆಮೇಲೆ ಆಡಿ. ಉತ್ತರ ಕೊಡುವವರು ತಿರುಗಿ ಕೇಳಬೇಕಾದ ಪದ ನಮ್ಮ ಪ್ರಶ್ನಾವಳಿಗೆ ಬೇಡ.

‘ಬಿಡಿಸುಪ್ರಶ್ನೆ’ಯನ್ನು ಒಗಟು ಅಂತ ಯಾರಾದರೂ ತಿಳಿದಾರೆಯೇ? ಅದೊಂದೇ ಅನುಮಾನ. ಮಂಗಳವಾರ ಸಂಜೆಯೊಳಗೆ ಹೇಳಿ.