ಫಹೀಟಾ ಮಾಂಸ ರಬ್ಬರ್, ಸಾಲ್ಸಾ ನೀರು ನೀರು

ಆಸ್ಟಿನ್‌ವಾಸಿ:
ಫಹೀಟಾ (ಸುಟ್ಟ ಮಾಂಸದ ಪಟ್ಟಿಗಳ ಟೆಕ್ಸಸ್-ಮೆಕ್ಸಿಕನ್ ತಿನಿಸು) ಮಾಡೋಣ ಅಂತ ಇನ್‌ಸೈಡ್ ಸ್ಕರ್ಟ್ ಅನ್ನುವ ದನದ ಮಾಂಸದ ತುಂಡು ತಂದು ನಿಂಬೆರಸ, ಬೆಳ್ಳುಳ್ಳಿ, ಜೀರಿಗೆಪುಡಿ, ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಒಂದು ತುದಿಯಿಂದ ಅಡ್ಡಡ್ಡ ಪಟ್ಟಿ ಕತ್ತರಿಸಿ, ದೊಣ್ಣೆಮೆಣಸು, ಈರುಳ್ಳಿ ಜೊತೆಗೇ ಬಾಣಲೆಗೆ ಹಾಕಿದೆ. ನೀರು ಬಿಟ್ಟುಕೊಂಡು ಬೆಂದಿತು, ಕೆಂಪಗಾಗಲೇ ಇಲ್ಲ. ಮೇಲೆ ಹಿಟ್ಟು ಹಿಟ್ಟು, ಒಳಗೆ ಜಗಿದಷ್ಟೂ ಮುಗಿಯದು. ಜೊತೆಗೆ ಮಾಡಿದ ಟೊಮೆಟೊ ಸಾಲ್ಸಾನೂ (ಹಸಿ ಚಟ್ನಿಯಂಥದ್ದು) ಅರ್ಧ ಗಂಟೆಯಲ್ಲಿ ಸಾರಾಯಿತು. ಏನು ಮಾಡಲಿ?

ಕಾವಲಿಪ್ರಿಯ:
ಕತ್ತರಿಸಿದ ದಿಕ್ಕೇ ಮುಖ್ಯ ತೊಂದರೆ. ಇನ್‌ಸೈಡ್ ಸ್ಕರ್ಟ್ ಅಂದರೆ ದನದ ಹೊಟ್ಟೆಯ ಗೋಡೆಯ ಸ್ನಾಯು, ಚೆನ್ನಾಗಿ ದುಡಿಯುವಂಥದ್ದು. ನಾರು ದಪ್ಪ, ಅದೂ ತುಂಡಿನ ಅಗಲಕ್ಕೆ ಓಡುತ್ತದೆ. ನೀವು ತುಂಡಿಗೆ ಅಡ್ಡ ಕತ್ತರಿಸಿದಾಗ ನಾರು ಇಡಿಯಾಗಿ ಉಳಿಯಿತು. ಮೊದಲು 3-4 ಇಂಚಿನ ತುಂಡು ಮಾಡಿ, ಆಮೇಲೆ ತುಂಡನ್ನು ತಿರುಗಿಸಿ ನಾರಿಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ. ಆದರೆ ಇದೆಲ್ಲ ಬೆಂದ ಮೇಲೆ!

ದಕ್ಷಿಣ ಟೆಕ್ಸಸ್‌ನ ದನಗಾಹಿಗಳು ಇದನ್ನು ಇಡೀ ತುಂಡಾಗಿ ಕೆಂಡದ ಮೇಲೆ ಸುಡುತ್ತಿದ್ದರು. ದೊಣ್ಣೆಮೆಣಸು, ಚುಂಯ್ ಅನ್ನುವ ಕಾವಲಿ ಎಲ್ಲ ಆಮೇಲೆ ಹೋಟೆಲಿನವರು ಸೇರಿಸಿದ್ದು. ಹಾಗಾಗಿ ಮಾಂಸ ಒರೆಸಿ ಒಣಗಿಸಿ, ಹೊಗೆ ಬರುವಷ್ಟು ಕಾದ ಕಬ್ಬಿಣದ ಕಾವಲಿಗೆ ಹಾಕಿ. ಪ್ರತಿ ಬದಿ 2-3 ನಿಮಿಷ ಸಾಕು. ಮಾಂಸದ ಒಳಗಿನ ಬಿಸಿ 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನಾನು ಒಲೆಯಿಂದ ಇಳಿಸುತ್ತೇನೆ. ಅಮೆರಿಕದ ಕೃಷಿ ಇಲಾಖೆ ಹೇಳುವುದು 63. ನಿಮ್ಮಿಷ್ಟ. 5 ನಿಮಿಷ ಬಿಟ್ಟು ಕತ್ತರಿಸಿ. ತರಕಾರಿ ಅದೇ ಕಾವಲಿಯಲ್ಲಿ, ಬೇರೆಯಾಗಿ.

ನಿಂಬೆರಸದಲ್ಲಿ ರಾತ್ರಿಯಿಡೀ ಬೇಡ ಮಾರಾಯ್ರೆ. ಹುಳಿ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ, ಒಳಗಿನ ನಾರಿಗೆ ತಲುಪುವುದೇ ಇಲ್ಲ. ಎರಡು ಗಂಟೆ ಸಾಕು.

ಕೊತ್ತಂಬರಿಸೊಪ್ಪು:
ಸಾಲ್ಸಾಗೆ ನಾನು. ಉಪ್ಪು ಟೊಮೆಟೊದ ನೀರನ್ನು ಎಳೆದುಹಾಕುತ್ತದೆ, ತಡೆಯಲಾಗದು. ಅದನ್ನು ಮೊದಲೇ ಎಳೆಸಿಬಿಡಿ. ರೋಮಾ (ಉದ್ದನೆಯ, ತಿರುಳು ಹೆಚ್ಚಿರುವ) ಟೊಮೆಟೊದ ಬೀಜ ತೆಗೆದು ಹೆಚ್ಚಿ, ಉಪ್ಪು ಬೆರೆಸಿ ಜರಡಿಯಲ್ಲಿ 20 ನಿಮಿಷ ಬಿಡಿ. ಬಿಳಿ ಈರುಳ್ಳಿ, ಹಲಪೇನ್ಯೋ (ಮೆಕ್ಸಿಕೋದ ಹಸಿಮೆಣಸು), ಕೊತ್ತಂಬರಿ, ನಿಂಬೆ ಸೇರಿಸುವುದು ಊಟಕ್ಕೆ ಕೂರುವಾಗ. ಮಿಕ್ಸಿ ಹತ್ತಿರವೂ ಹೋಗಬೇಡಿ. ಸೋರಿದ ನೀರು ಚೆಲ್ಲಬೇಡಿ, ಅನ್ನ ಬೇಯಿಸುವಾಗ ಹಾಕಿದರೆ ರುಚಿ.

ಆಸ್ಟಿನ್‌ವಾಸಿ:
ಹಲಪೇನ್ಯೋ ಬದಲು ನಮ್ಮ ಹಸಿಮೆಣಸು ನಡೆಯುತ್ತಾ?

ಕೊತ್ತಂಬರಿಸೊಪ್ಪು:
ನಡೆಯುತ್ತೆ, ಆದರೆ ಖಾರ ಜಾಸ್ತಿ. ಒಂದು ಹಾಕಿ, ರುಚಿ ನೋಡಿ, ಆಮೇಲೆ ಎರಡನೆಯದು. ಖಾರ ಸ್ವಲ್ಪವೇ ಹೆಚ್ಚಿದ್ದರೆ ಸಾಕು ಅಂದರೆ ಸೆರಾನೋ ಮೆಣಸು ಸಿಗುತ್ತಲ್ವಾ ಅಲ್ಲೇ?